ಧಾರೆ ಎರೆದ ಮನೆಮಾಲೀಕರು

ಅವರ ಎಡಗೈ ನೇರವಾಗಿ ಕೆಳಗೆ ಇಳಿಬಿದ್ದದ್ದನ್ನು ನಾನು ಕಂಡಿಲ್ಲ. ಮೊಣಕೈಯಲ್ಲಿ ಮಡಚಿ, ಎದೆಯ ಮುಂದೆ ಹಿಡಿದು, ಅಂಗೈಯನ್ನು ತುಸು ಮೇಲಕ್ಕೆ ಮಾಡಿಕೊಂಡೇ ನಡೆಯುತ್ತಿದ್ದರು. ಮೊದಲ ಸಲ ನೋಡಿದವರು ಪಾರ್ಶ್ವವಾಯು ಬಡಿದಿರಬೇಕು ಎಂದುಕೊಳ್ಳುತ್ತಿದ್ದರು. ನಾನೂ ಹಾಗೆಯೇ ಎಂದುಕೊಂಡಿದ್ದೆ. ಆಮೇಲೆ ಅವರೇ ನಗುತ್ತಾ ಹೇಳಿದರು. ಹುಡುಗನಾಗಿದ್ದಾಗಲೇ ಕರಾವಳಿಯ ಊರು ಬಿಟ್ಟು ಮುಂಬಯಿಗೆ ಬಂದು ಹೋಟೆಲಿನಲ್ಲಿ ಮಾಣಿಯಾಗಿ ನಿಂತವರಂತೆ. ಆ ಕೈಯ ಮೇಲೆ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು ವರ್ಷಗಟ್ಟಲೆ ಓಡಾಡಿದ್ದಾರೆ. ಮುಂದೆ ಗಲ್ಲಾದಲ್ಲಿ ಕುಳಿತರು, ಮ್ಯಾನೇಜರ್ ಆದರು, ವಯಸ್ಸಾಗಿ ಮನೆಗೂ ಬಂದರು. ಕೈ ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು.

ಅವರು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಮನೆಯ ಮಾಲೀಕರು. ಲಿಫ್ಟಿಲ್ಲದ ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಅವರು ಮತ್ತು ಅವರ ಹೆಂಡತಿ, ಮೂರನೆಯ ಮಹಡಿಯಲ್ಲಿ ನಾವು. ನಾವು ಎಂದರೆ ನಾನು ಮತ್ತು ನನ್ನ ಗಂಡ. ನಾನು ಕಲಬುರಗಿ ಕಡೆಯವಳು. ಆದರೆ ಹುಟ್ಟಿ ಬೆಳೆದದ್ದು ನವಿ ಮುಂಬಯಿಯ ತುರ್ಭೆಯಲ್ಲಿ. ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಗಂಡ ತಾಂಜಾನಿಯಾ ದೇಶದವನು. ನವಿ ಮುಂಬಯಿಗೆ ಫಾರ್ಮಸಿ ಓದಲು ಬಂದವನು, ತರಬೇತಿಗೆಂದು ನಮ್ಮ ಆಸ್ಪತ್ರೆಗೆ ಬಂದ. ಅಲ್ಲಿಂದ ಮುಂದಿನದ್ದು ಎಲ್ಲರ ಕಥೆಯಂತೆಯೇ. ರಿಜಿಸ್ಟ್ರಾರರ ಮುಂದೆ ಸಹಿ ಹಾಕಿ ಹೊರಗೆ ಬಂದೆವು ನೋಡಿ, ಅಲ್ಲಿಂದ ಮಾತ್ರ ಎಲ್ಲರ ಕಥೆಯಂತೆ ಇರಲಿಲ್ಲ.

ಮನೆ ಸಿಗಲಿಲ್ಲ. ಘೋಡಬಂದರ್ ರಸ್ತೆಯ ಟವರುಗಳಲ್ಲಿ ನಾನು ಫೋನ್ ಮಾಡಿದಾಗ ಫ್ಲ್ಯಾಟ್ ಖಾಲಿ ಇರುತ್ತಿತ್ತು. ಗಂಡನ ಜೊತೆ ಬಾಗಿಲಿಗೆ ಹೋಗಿ ನಿಂತರೆ ಅದೇ ಫ್ಲ್ಯಾಟಿಗೆ ನಿನ್ನೆಯೇ ಯಾರೋ ಟೋಕನ್ ಕೊಟ್ಟಿರುತ್ತಿದ್ದರು. ಸೀವುಡ್ಸ್‌ನಲ್ಲಿ ಒಬ್ಬ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು, ನೀವೊಬ್ಬರೇ ಇರುವುದಾದರೆ ಕೊಡುತ್ತೇನೆ ಎಂದಳು. ಮದುವೆಯಾಗಿ ವಾರ ಕಳೆಯದವಳಿಗೆ! ಮನೆ ಇಲ್ಲದಿದ್ದರೆ ಬರೀ ಬೀದಿಗೆ ಬೀಳುವುದಷ್ಟೇ ಅಲ್ಲ. ವಿದ್ಯಾರ್ಥಿಯ ವೀಸಾವನ್ನು ಹೆಂಡತಿಯ ಜೊತೆ ಇರುವ ವೀಸಾ ಮಾಡಿಸಬೇಕು, ಅದಕ್ಕೆ ನೋಂದಾಯಿಸಿದ ಬಾಡಿಗೆ ಕರಾರು ಬೇಕು, ಮಾಲೀಕರ ಒಪ್ಪಿಗೆ ಪತ್ರ ಬೇಕು. ಮನೆಯಿಲ್ಲ ಎಂದರೆ ವೀಸಾ ಇಲ್ಲ, ವೀಸಾ ಇಲ್ಲ ಎಂದರೆ ಗಂಡ ಇಲ್ಲ. ಹೀಗಿರುವಾಗ ಒಬ್ಬ ಏಜೆಂಟ್ ನಮ್ಮನ್ನು ಡೊಂಬಿವಲಿಯ ಈ ಮುದುಕರ ಮುಂದೆ ತಂದು ನಿಲ್ಲಿಸಿದ.

"ಯಾವ ಊರು ಇವನದ್ದು?" ಎಂದರು.

ನಾನು ದೇಶದ ಹೆಸರು ಹೇಳಿದೆ.

"ದೇಶ ಯಾರು ಕೇಳಿದ್ದು ಮಾರಾಯ್ತಿ, ಊರು ಹೇಳು."

"ದೊಡ್ಡ ಸರೋವರದ ದಂಡಿಮ್ಯಾಗ ಐತ್ರಿ ಕಾಕಾ ಅವರ ಊರು."

"ಹಾಗಾದ್ರೆ ಮೀನು ತಿಂತಾನೆ."

"ದಿನಾ ಬೇಕ್ರಿ ಅವರಿಗೆ."

ಅವರು ಒಳಗೆ ಹೆಂಡತಿಯ ಕಡೆ ತಿರುಗಿ, "ಕೇಳಿತಾ? ನಮ್ಮವನೇ" ಎಂದರು. ಕೀಲಿಕೈ ತರಲು ಎದ್ದೇಬಿಟ್ಟರು. ನನ್ನ ಗಂಡ ಏನು ನಡೆಯಿತೆಂದು ಗೊತ್ತಾಗದೆ, ಇಲ್ಲಿಯೂ ಇಲ್ಲ ಎಂದರೇನೋ ಎಂದುಕೊಂಡು ಬಾಗಿಲ ಕಡೆ ಹೊರಟಿದ್ದ. ಅವನನ್ನು ಕೈ ಹಿಡಿದು ಎಳೆದು ಕೂರಿಸಬೇಕಾಯಿತು.

ಸೊಸೈಟಿಯವರು ಸುಮ್ಮನಿರಲಿಲ್ಲ. ಸೆಕ್ರೆಟರಿ ಮೀಟಿಂಗ್ ಕರೆದರು. ಸೇಫ್ಟಿ, ಹೆಣ್ಣುಮಕ್ಕಳು, ಕಲ್ಚರ್ ಎಂದೆಲ್ಲ ಮಾತು ಬಂತು. ಮಾಲೀಕರು ಎಲ್ಲವನ್ನೂ ಕೇಳಿಸಿಕೊಂಡು ಎದ್ದು ನಿಂತು, ತಮ್ಮ ಹೋಟೆಲಿನ ಮರಾಠಿಯಲ್ಲಿ, "ಅವನ ಕಾಗದ ವರ್ಷ ವರ್ಷ ಪೊಲೀಸರು ನೋಡ್ತಾರೆ. ಇಲ್ಲಿ ಕೂತವರ ಕಾಗದ ಯಾರು ನೋಡಿದ್ದಾರೆ?" ಎಂದು ಕೇಳಿ ಕುಳಿತರಂತೆ. ಅಲ್ಲಿಗೆ ಮೀಟಿಂಗ್ ಮುಗಿಯಿತು. ಯಾವ ವಿಷಯವನ್ನಾದರೂ ಅವರು ಮುಗಿಸುತ್ತಿದ್ದ ರೀತಿಯೇ ಹಾಗೆ. "ಆಯ್ತಲ್ಲ, ಇನ್ನು ಮುಂದಿನದ್ದು" ಎನ್ನುವುದು ಅವರ ಬಾಯಲ್ಲಿ ಯಾವಾಗಲೂ ಇರುತ್ತಿತ್ತು. ಬಿಲ್ ಕೊಟ್ಟ ಗಿರಾಕಿಯನ್ನು ಕಳಿಸಿ ಮುಂದಿನವನನ್ನು ಕರೆದಂತೆ.

ಸುಳ್ಳು ಹೇಳಲು ಬರುತ್ತಿರಲಿಲ್ಲ ಅವರಿಗೆ. ಬರುತ್ತಿರಲಿಲ್ಲ ಎಂದರೆ ಒಳ್ಳೆಯತನಕ್ಕೆ ಅಲ್ಲ, ಈಜು ಬಾರದವನಿಗೆ ಬರುವುದಿಲ್ಲವಲ್ಲ, ಹಾಗೆ. ಹೋಟೆಲಿನಲ್ಲಿದ್ದಾಗ ಗಿರಾಕಿಯೊಬ್ಬ ಸಾಂಬಾರು ತಾಜಾನಾ ಎಂದು ಕೇಳಿದ್ದಕ್ಕೆ "ನಿನ್ನೆಯದ್ದು, ಚಟ್ನಿ ತಗೊಳ್ಳಿ" ಎಂದು ಹೇಳಿ ಧಣಿ ಶೆಟ್ಟರ ಕೈಯಲ್ಲಿ ಬೈಸಿಕೊಂಡ ಕಥೆಯನ್ನು ಅವರ ಹೆಂಡತಿ ಎಲ್ಲರಿಗೂ ಹೇಳುತ್ತಿದ್ದರು. ಆಣೆ ಇಡುವುದೆಂದರಂತೂ ಅವರಿಗೆ ಭಯ. ಮೆಟ್ಟಿಲ ಮೇಲೆ ಆಡುವ ಮಕ್ಕಳು ಮಾತು ಮಾತಿಗೆ ಗಾಡ್ ಪ್ರಾಮಿಸ್ ಎನ್ನುವುದನ್ನು ಕೇಳಿ ಸಿಟ್ಟಾಗುತ್ತಿದ್ದರು. ಮನೆಯ ಹಾಲಿನಲ್ಲಿ ಎತ್ತರದ ಒಂದು ಹಲಗೆಯ ಮೇಲೆ ಊರಿನ ದೈವಕ್ಕೆಂದು ದೀಪ ಇಟ್ಟಿದ್ದರು. ಆ ದೈವದ ಮುಂದೆ ಅವರ ದೊಡ್ಡಪ್ಪ ಒಮ್ಮೆ ಗದ್ದೆಯ ಗಡಿಯ ತಕರಾರಿನಲ್ಲಿ ಸುಳ್ಳು ಪ್ರಮಾಣ ಮಾಡಿದರಂತೆ. ಆ ಸಂಸಾರದಲ್ಲಿ ಈಗ ಒಬ್ಬರೂ ಉಳಿದಿಲ್ಲ ಎಂದು ಹೇಳುತ್ತಿದ್ದರು. ಜನ ಕಾಯಿಲೆ ಬಂದು ಸಾಯುತ್ತಾರೆ ಎಂದು ನನಗೆ ಲ್ಯಾಬಿನಲ್ಲಿ ಕೂತು ಗೊತ್ತು. ಆದರೂ ಅವರ ಮುಖ ನೋಡಿ ಬಾಯಿ ಬಿಡುತ್ತಿರಲಿಲ್ಲ.

ನಮ್ಮ ಮದುವೆಯಲ್ಲಿ ಧಾರೆ ಆಗಿಲ್ಲ ಎಂದು ತಿಳಿದದ್ದು ಅವರಿಗೆ ನಾವು ಬಂದ ಕೆಲವು ದಿನಗಳಲ್ಲೇ. ಮೀನು ತೊಳೆಯುತ್ತ ಕೂತಿದ್ದ ಅವರ ಹೆಂಡತಿ ಮದುವೆಯ ಫೋಟೊ ತೋರಿಸು ಎಂದರು. ನನ್ನ ಫೋನಿನಲ್ಲಿ ಇದ್ದದ್ದು ಕಚೇರಿಯ ಮೇಜು, ರಿಜಿಸ್ಟರು, ಎರಡು ಹೂವಿನ ಹಾರ.

"ಧಾರೆ ಎರೆದದ್ದು ಯಾರು?" ಎಂದರು ಮಾಲೀಕರು.

"ಯಾರೂ ಇಲ್ರಿ. ನಮ್ಮಪ್ಪ ಬರಲಿಲ್ಲ."

ತುರ್ಭೆಯ ಮಾರುಕಟ್ಟೆಯಲ್ಲಿ ಮೂಟೆ ಹೊರುವ ನನ್ನ ಅಪ್ಪ, ನಮ್ಮ ಪಾಲಿಗೆ ನೀ ಸತ್ತಿ ಎಂದು ಹೇಳಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದ. ಅವ್ವ ಅಕ್ಕಪಕ್ಕದವರ ಫೋನಿನಿಂದ ಒಮ್ಮೆ ಮಾತಾಡಿ ಅತ್ತಿದ್ದಳು. ಇಷ್ಟನ್ನೂ ನಾನು ನಗುತ್ತಲೇ ಹೇಳಿದೆ, ಹೇಳಿ ಅಭ್ಯಾಸವಾಗಿತ್ತು. ಅವರು ನಗಲಿಲ್ಲ. "ಸಹಿ ಹಾಕಿದ್ದು ಸರ್ಕಾರಕ್ಕಾಯ್ತು. ಧಾರೆ ಇಲ್ಲದೆ ಎಂತ ಮದುವೆ ಅದು? ಹೆಣ್ಣನ್ನು ಯಾರಾದ್ರೂ ಕೊಡಬೇಕಲ್ಲ, ಹಾಗೆ ಬೀದಿಯಲ್ಲಿ ಸಿಕ್ಕಿದ್ದಾ ಅವನಿಗೆ ನೀನು?" ಎಂದರು.

ಮುಂದಿನ ಭಾನುವಾರ ಅವರ ಹಾಲಿನಲ್ಲಿ ಕುರ್ಚಿಗಳನ್ನೆಲ್ಲ ಸರಿಸಿ ಚಾಪೆ ಹಾಸಿದರು. ಭಟ್ಟರನ್ನು ಕರೆಯಲಿಲ್ಲ. ನಮ್ಮಲ್ಲಿ ಹಿಂದೆ ಹಿರಿಯರೇ ಎರೆಯುವುದು, ಭಟ್ಟರೆಲ್ಲ ಆಮೇಲೆ ಬಂದದ್ದು ಎಂದರು. ನನ್ನ ಗಂಡನ ಕೈಯಲ್ಲಿ ನನ್ನ ಕೈ ಇರಿಸಿ, ಕೆಳಗೆ ಅವರ ಹೆಂಡತಿ ಕೈ ಹಿಡಿದು, ಕಂಚಿನ ಗಿಂಡಿಯಿಂದ ಅವರು ನೀರು ಎರೆದರು. ತುಳುವಿನಲ್ಲಿ ಏನೋ ಹೇಳಿದರು, ದೀಪದ ಕಡೆ ನೋಡಿ. ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು: "ಇವತ್ತಿನಿಂದ ನಿನಗೆ ನಾನು ಅಪ್ಪ. ಆಯ್ತಲ್ಲ, ಇನ್ನು ಊಟ." ನೀರು ತಣ್ಣಗಿತ್ತು. ನಾನು ಅತ್ತುಬಿಟ್ಟೆ.

ಅಂದಿನಿಂದ ಕಾಕಾ ಹೋಗಿ ಅಪ್ಪ ಆಯಿತು, ಅವರ ಹೆಂಡತಿ ನನಗೆ ಅಮ್ಮ ಆದರು. ನನ್ನನ್ನು ಅವರು ಮಗಾ ಎನ್ನುತ್ತಿದ್ದರು. ನನ್ನ ಗಂಡ ಅವರನ್ನು ಮ್ಜೇ ಎಂದು ಕರೆದ. ಅವನ ಭಾಷೆಯಲ್ಲಿ ಮನೆಯ ಹಿರಿಯರನ್ನು ಹಾಗೆ ಕರೆಯುತ್ತಾರೆ. ಇಬ್ಬರೂ ಬೆಳಿಗ್ಗೆ ಮೀನು ಮಾರುಕಟ್ಟೆಗೆ ಹೋಗುತ್ತಿದ್ದರು. ಒಬ್ಬರು ಗಿಡ್ಡ, ಕೈ ಮಡಚಿದವರು. ಇನ್ನೊಬ್ಬ ಬಾಗಿಲ ಚೌಕಟ್ಟಿಗೆ ತಲೆ ತಗಲುವವನು. ಜನ ನಿಂತು ನೋಡುತ್ತಿದ್ದರು. ಮೀನು ಮಾರುವವಳು ಯಾರು ಕಾಕಾ ಇವನು ಎಂದು ಕೇಳಿದರೆ, "ಅಳಿಯ, ಒಳ್ಳೆಯ ಬಂಗುಡೆ ಕೊಡು" ಎನ್ನುತ್ತಿದ್ದರು. ಸಂಜೆ ನಾನು ಡ್ಯೂಟಿ ಮುಗಿಸಿ ಬಂದ ಮೇಲೆ ಮೂರನೆಯ ಮಹಡಿ ಹತ್ತಿ ಬಂದು ಕಾಫಿ ಕುಡಿಯುವುದು ಅವರ ರೂಢಿ. ಮನೆಯಲ್ಲಿ ಕುಡಿದೇ ಬಂದಿರುತ್ತಿದ್ದರು. ಬಾಡಿಗೆಯನ್ನು ತಿಂಗಳ ಮೊದಲ ದಿನ ನನ್ನ ಕೈಯಿಂದ ತೆಗೆದುಕೊಳ್ಳುವರು, ಕರಾರಿನಲ್ಲಿ ಬರೆದಿದೆಯಲ್ಲ, ಅದು ಸುಳ್ಳಾಗಬಾರದು. ಅದೇ ಸಂಜೆ ಅವರ ಹೆಂಡತಿ ಅಷ್ಟನ್ನೂ ಅರಿಶಿನ ಕುಂಕುಮದ ಜೊತೆ ತಂದು ತವರಿನ ಉಡುಗೊರೆ ಎಂದು ನನ್ನ ಮಡಿಲಿಗೆ ಹಾಕುವರು. ಬೇಡ ಎಂದರೆ ಅಮ್ಮನ ಮುಖ ಬಾಡುತ್ತಿತ್ತು. ಗಂಡನಿಗೆ ಆ ವೀಸಾದ ಮೇಲೆ ಕೆಲಸ ಸಿಕ್ಕಿರಲಿಲ್ಲ, ಹಾಗಾಗಿ ನಾನೂ ಹೆಚ್ಚು ಹಟ ಮಾಡಲಿಲ್ಲ.

ಮೊದಲ ವರ್ಷದ ವೀಸಾ ಸುಲಭವಾಗಿ ಮುಂದುವರಿಯಿತು. ಎರಡನೆಯ ವರ್ಷ ಮನೆಗೆ ವಿಚಾರಣೆಗೆ ಪೊಲೀಸ್ ಬಂದ. ಗಂಡ ಹೆಂಡತಿ ನಿಜವಾಗಿ ಒಟ್ಟಿಗೆ ಇದ್ದಾರೆಯೇ, ಮಾಲೀಕ ಏನು ಹೇಳುತ್ತಾನೆ ಎಂದು ನೋಡಿ ಬರೆದುಕೊಂಡು ಹೋಗುವುದು ಅವನ ಕೆಲಸ. ನಾನು ಡ್ಯೂಟಿಯಲ್ಲಿದ್ದೆ, ಗಂಡ ಯಾವುದೋ ಝೆರಾಕ್ಸಿಗೆ ಹೋಗಿದ್ದ. ನಾನು ಮನೆಗೆ ಬಂದಾಗ ಮಾಲೀಕರು ಮೆಟ್ಟಿಲಲ್ಲೇ ಕಾಯುತ್ತಿದ್ದರು, ಮುಖ ಅರಳಿತ್ತು.

"ಪೊಲೀಸಿನವ ಬಂದಿದ್ದ ಮಗಾ. ಇವರು ನಿಮಗೆ ಯಾರು ಅಂತ ಕೇಳಿದ. ಮಗಳು, ಅಳಿಯ ಅಂದೆ. ಸ್ವಂತ ಮಗಳಾ ಅಂತ ಮತ್ತೆ ಕೇಳಿದ. ನಾನೇ ಧಾರೆ ಎರೆದು ಕೊಟ್ಟದ್ದು, ನಾನೇ ಅಪ್ಪ ಅಂದೆ. ಬಾಡಿಗೆ ಎಷ್ಟು ಅಂದ. ಮಗಳು ಕೊಟ್ಟ ಬಾಡಿಗೆಯನ್ನು ಇಟ್ಟುಕೊಳ್ತಾರಾ ಯಾರಾದ್ರೂ, ತಗೊಂಡು ವಾಪಸು ಕೊಡ್ತೇವೆ ಅಂದೆ. ಚಹಾ ಕುಡಿದು ಹೋದ. ಇನ್ನು ನೀನು ಹೆದರಬೇಡ, ಸರಿಯಾಗಿ ಹೇಳಿ ಕಳಿಸಿದ್ದೇನೆ."

ಪೊಲೀಸಿನವ ಅದನ್ನೆಲ್ಲ ಹಾಗೆಯೇ ಬರೆದುಕೊಂಡು ಹೋಗಿದ್ದಾನೆ ಎಂದು ನನಗೆ ಹೊಳೆಯಿತು. ಆದರೆ ಆ ಮುಖ ನೋಡಿ ಹೇಳುವುದಾದರೂ ಏನು? "ಚಲೋ ಆತ್ರಿ ಅಪ್ಪಾ" ಎಂದು ಮೇಲೆ ಹೋದೆ.

ವೀಸಾ ಕಚೇರಿಯಿಂದ ಕರೆ ಬಂತು. ನಡುವಯಸ್ಸಿನ ಒಬ್ಬ ಅಧಿಕಾರಿ ಫೈಲನ್ನು ನನ್ನ ಕಡೆ ತಿರುಗಿಸದೆಯೇ ಮಾತಾಡಿದರು. ನಿಮ್ಮ ಪಾಸ್‌ಪೋರ್ಟಿನಲ್ಲಿ ಒಬ್ಬ ತಂದೆ, ಪೊಲೀಸ್ ವರದಿಯಲ್ಲಿ ಇನ್ನೊಬ್ಬ ತಂದೆ. ಕರಾರಿನಲ್ಲಿ ಬಾಡಿಗೆ ಇದೆ, ಮಾಲೀಕ ಬಾಡಿಗೆ ಇಲ್ಲ ಎನ್ನುತ್ತಾನೆ. ಅಂದರೆ ಕರಾರು ಸುಳ್ಳು. ಕರಾರು ಸುಳ್ಳಾದರೆ ಮದುವೆ ನಿಜ ಎಂದು ನಾವು ಯಾಕೆ ನಂಬಬೇಕು? "ಮ್ಯಾಡಮ್, ಆಪ್ಕೆ ಕಿತ್ನೆ ಬಾಪ್ ಹೈಂ?" ಎಂದರು, ನಿಮಗೆ ಎಷ್ಟು ಜನ ಅಪ್ಪಂದಿರು ಎಂದು. ಪಕ್ಕದ ಮೇಜಿನವನು ನಕ್ಕ. ನನ್ನ ಗಂಡನಿಗೆ ಅಷ್ಟು ಹಿಂದಿ ಬರುತ್ತಿತ್ತು. ಅವನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದ. ಅವನು ಒಂದು ಮಾತು ಜೋರಾಗಿ ಆಡಿದರೂ ಅದು ಫೈಲಿಗೆ ಹೋಗುತ್ತದೆ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ನಾನು ಧಾರೆಯ ವಿಷಯ ವಿವರಿಸಲು ನೋಡಿದೆ. ಹಿಂದಿಯಲ್ಲಿ ಹೇಳುತ್ತಾ ಹೋದಂತೆ ನನಗೇ ಅದು ಕಟ್ಟುಕಥೆಯಂತೆ ಕೇಳಿಸಿತು. ಹದಿನೈದು ದಿನದಲ್ಲಿ ಸಮರ್ಪಕ ಉತ್ತರ ಕೊಡಬೇಕು, ಇಲ್ಲದಿದ್ದರೆ ಅವನು ದೇಶ ಬಿಡಬೇಕು ಎಂದು ಹೇಳಿ ಕಳಿಸಿದರು. ಹಾಗೆ ಬಿಟ್ಟು ಹೋದವರಿಗೆ ಮತ್ತೆ ವೀಸಾ ಸಿಗುವುದು ಎಷ್ಟು ಕಷ್ಟ ಎಂಬುದನ್ನು ಹೊರಗಿನ ಬೆಂಚಿನ ಮೇಲೆ ಕುಳಿತವರೇ ನಮಗೆ ಹೇಳಿದರು.

ಕಲ್ಯಾಣದ ವಕೀಲರೊಬ್ಬರ ಬಳಿ ಹೋದೆವು. ಅವರಿಗೆ ಇದು ತಲೆನೋವಿನ ವಿಷಯವೇ ಆಗಿರಲಿಲ್ಲ. ಮಾಲೀಕರ ಒಂದು ಅಫಿಡವಿಟ್ ಕೊಟ್ಟರೆ ಮುಗಿಯಿತು, ಹತ್ತು ನಿಮಿಷದ ಕೆಲಸ ಎಂದು ಅಲ್ಲೇ ಕರಡು ಟೈಪ್ ಮಾಡಿಸಿ ಕೈಗಿತ್ತರು. ರೈಲಿನಲ್ಲಿ ಅದನ್ನು ಓದಿದೆ. ಓದಿ ಚೀಲದಲ್ಲಿಟ್ಟೆ. ಮನೆಗೆ ಬಂದು ಹೊರಗೆ ತೆಗೆಯಲಿಲ್ಲ. ಸಂಜೆ ಮಾಲೀಕರು ಕಾಫಿಗೆ ಬಂದರು, ಕುಡಿದು ಹೋದರು, ನಾನು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಕೊನೆಗೆ ನನ್ನ ಗಂಡ ತಡೆಯಲಾರದೆ ಅಮ್ಮನಿಗೆ ತನ್ನ ಅರ್ಧಂಬರ್ಧ ಹಿಂದಿಯಲ್ಲಿ ಹೇಳಿಬಿಟ್ಟ. ಅವರಿಬ್ಬರೂ ಮೇಲೆ ಬಂದರು.

"ಓದು" ಎಂದರು ಮಾಲೀಕರು. "ಕನ್ನಡದಲ್ಲಿ ಹೇಳು."

ನಾನು ಹೇಳಿದೆ. ಈ ಮಹಿಳೆ ನನ್ನ ಮಗಳಲ್ಲ. ನನಗೂ ಈಕೆಗೂ ಯಾವುದೇ ರೀತಿಯ ಸಂಬಂಧ ಇಲ್ಲ. ಈಕೆ ಮತ್ತು ಈಕೆಯ ಗಂಡ ನನ್ನ ಬಾಡಿಗೆದಾರರು ಮಾತ್ರ, ನಿಯಮಿತವಾಗಿ ಬಾಡಿಗೆ ಕೊಡುತ್ತಾರೆ. ಹಿಂದೆ ಪೊಲೀಸರಿಗೆ ಹೇಳಿದ್ದು ತಪ್ಪು ತಿಳಿವಳಿಕೆಯಿಂದ. ಇದೆಲ್ಲ ಸತ್ಯವೆಂದು ಪ್ರಮಾಣ ಮಾಡಿ ಹೇಳುತ್ತೇನೆ.

ಅವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದರು. ಆಮೇಲೆ, "ಆ ‘ಮಾತ್ರ’ ಅನ್ನುವುದು ಬೇಕಾ?" ಎಂದು ಕೇಳಿದರು.

"ವಕೀಲರು ಬೇಕೇ ಬೇಕು ಅಂತಾರ್ರಿ. ಬ್ಯಾಡ ಬಿಡ್ರಿ ಅಪ್ಪಾ, ಬ್ಯಾರೆ ಏನರ ಮಾಡೋಣು."

ಗಂಡನಿಗೆ ಮಾತು ಅರ್ಥವಾಗದಿದ್ದರೂ ಮುಖಗಳು ಅರ್ಥವಾಗಿದ್ದವು. ಅವನು ಅವರ ಮುಂದೆ ಮಂಡಿಯೂರಿ, ಬೇಡ ಮ್ಜೇ, ನಾನೇ ಹೋಗುತ್ತೇನೆ ಎಂದು ಹಿಂದಿಯಲ್ಲಿ ಹೇಳಿದ. ಅವರು ಅವನ ತಲೆಯ ಮೇಲೆ ಬಲಗೈ ಇಟ್ಟರು. ಮಾತಾಡಿದ್ದು ಮಾತ್ರ ನನ್ನೊಡನೆ.

"ಇವನು ಹೋದ್ರೆ ನೀನು ಎಲ್ಲಿ ಹೋಗ್ತಿ? ತವರು ಉಂಟಾ ನಿನಗೆ?"

ಮರುದಿನ ಕಲ್ಯಾಣಕ್ಕೆ ಹೋದೆವು. ಕೋರ್ಟಿನ ಹೊರಗೆ ತಗಡಿನ ಮಾಡಿನ ಕೆಳಗೆ ಮೇಜು ಹಾಕಿಕೊಂಡು ಕೂತ ನೋಟರಿ. ಪಕ್ಕದಲ್ಲಿ ವಡಾಪಾವಿನ ಗಾಡಿ, ಝೆರಾಕ್ಸ್ ಅಂಗಡಿ, ಕೈಯಲ್ಲಿ ಕಾಗದ ಹಿಡಿದು ನಿಂತ ಜನ. ಅಲ್ಲಿ ದಿನಕ್ಕೆ ನೂರಾರು ಪ್ರಮಾಣಗಳು ಆಗುತ್ತವೆ. ಹೆಸರು ಬದಲಾದದ್ದು, ರೇಷನ್ ಕಾರ್ಡ್ ಕಳೆದದ್ದು, ಆದಾಯ ಇಲ್ಲದ್ದು. ನೋಟರಿ ಓದದೆಯೇ ರಿಜಿಸ್ಟರ್ ಮುಂದೆ ತಳ್ಳಿ ಇಲ್ಲಿ ಸಹಿ ಎಂದು ಬೆರಳು ತೋರಿಸಿದ.

"ಇದು ಆಣೆಯಾ?" ಎಂದು ಮಾಲೀಕರು ಮರಾಠಿಯಲ್ಲಿ ಕೇಳಿದರು.

"ಹೋ ಕಾಕಾ, ಫಾರ್ಮಾಲಿಟಿ ಆಹೆ." ಹೌದು, ಬರೀ ಶಾಸ್ತ್ರಕ್ಕೆ ಎಂದ.

ಅವರು ಚಪ್ಪಲಿ ಕಳಚಿದರು. ಆ ಉಗುಳು, ಚಹಾದ ಲೋಟಗಳ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಮೂಡಣ ಯಾವ ಕಡೆ ಎಂದು ನೋಡಿ ಆ ಕಡೆಗೆ ತಿರುಗಿದರು. ಕಣ್ಣು ಮುಚ್ಚಿ ತುಳುವಿನಲ್ಲಿ ಏನೋ ಹೇಳಿಕೊಂಡರು. ಸಾಲಿನಲ್ಲಿದ್ದ ಒಬ್ಬ, ಜಲ್ದಿ ಕರಾ ಎಂದು ಗೊಣಗಿದ. ಅವರು ನಿಧಾನವಾಗಿ ಸಹಿ ಹಾಕಿದರು. ನಾನು ಕಾಗದ ತೆಗೆದುಕೊಂಡು, "ಬರ್ರಿ ಅಪ್ಪಾ" ಎಂದು ಕೈ ಹಿಡಿಯಲು ಹೋದೆ. ಅವರು ಚಪ್ಪಲಿ ಮೆಟ್ಟುವ ನೆಪದಲ್ಲಿ ದೂರ ಸರಿದರು. ವಾಪಸು ಬರುವಾಗ ಲೋಕಲ್‌ನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಬಾಗಿಲ ಬಳಿಯೇ ನಿಂತು ಬಂದರು.

ವೀಸಾ ಮುಂದುವರಿಯಿತು. ಸುದ್ದಿ ಬಂದ ದಿನ ಪೇಢೆಯ ಡಬ್ಬಿ ಹಿಡಿದು ಓಡಿ ಕೆಳಗೆ ಹೋದೆ. ಅವರು ಬಾಗಿಲಲ್ಲೇ ನಿಂತು ಒಂದು ಪೇಢೆ ತೆಗೆದುಕೊಂಡು, "ಒಳ್ಳೆಯದಾಯ್ತು" ಎಂದರು. ಒಳಗೆ ಬಾ ಎನ್ನಲಿಲ್ಲ. ಸಂಜೆ ಕಾಫಿ ಮಾಡಿ ಕಾದೆ. ಬರಲಿಲ್ಲ. ತಿಂಗಳ ಮೊದಲ ದಿನ ಬಾಡಿಗೆ ತೆಗೆದುಕೊಂಡರು. ಸಂಜೆ ಅಮ್ಮ ಬರಲಿಲ್ಲ. ಮೀನು ಮಾರುಕಟ್ಟೆಗೆ ಒಬ್ಬರೇ ಹೋದರು. ಮೆಟ್ಟಿಲಲ್ಲಿ ಸಿಕ್ಕಾಗ ಪಕ್ಕಕ್ಕೆ ನಿಂತು ದಾರಿ ಬಿಟ್ಟರು, ನಾನು ಯಾರೋ ಹೊರಗಿನವಳು ಎಂಬಂತೆ. ನನಗೆ ಮೊದಲು ಭಯವಾಯಿತು, ಆಮೇಲೆ ಸಿಟ್ಟು ಬಂತು. ಎಷ್ಟೆಂದರೂ ನಾನು ಕಲಬುರಗಿಯವಳು, ಒಳಗೆ ಇಟ್ಟುಕೊಳ್ಳಲು ಬರುವುದಿಲ್ಲ. ಒಂದು ದಿನ ಅವರ ಬಾಗಿಲಿಗೆ ಹೋಗಿ ಜಗಳಕ್ಕೇ ನಿಂತೆ.

"ಬರೇ ಒಂದು ಕಾಗದರಿ ಅದು! ಅದರ ಸಲುವಾಗಿ ನನ್ನ ಬಿಟ್ಟುಬಿಟ್ರೇನು? ನಮ್ಮಪ್ಪನೂ ಹಂಗ ಮಾಡಿದ, ನೀವೂ ಹಂಗ ಮಾಡ್ರಿ!"

ಅವರು ದೀಪದ ಹಲಗೆಯ ಕೆಳಗೆ ಕೂತಿದ್ದರು. ಸಿಟ್ಟಾಗಲಿಲ್ಲ.

"ನಾನು ಪ್ರಮಾಣ ಮಾಡಿ ಹೇಳಿದ್ದೇನೆ, ನೀವು ನನಗೆ ಯಾರೂ ಅಲ್ಲ ಅಂತ. ಅದರ ಮೇಲೆ ಅವನ ವೀಸಾ ನಿಂತದ್ದು. ನಾನು ಇವತ್ತು ಮಗಾ ಅಂತ ಕರೆದ್ರೆ ಆ ಪ್ರಮಾಣ ಸುಳ್ಳಾಯ್ತು. ಸುಳ್ಳಾದ್ರೆ ಅವನು ಇಲ್ಲಿ ಉಳಿಯುವುದು ಹೇಗೆ?"

"ಯಾರು ನೋಡ್ತಾರ್ರಿ ನಮ್ಮನ್ನ?"

ಅವರು ಮೇಲೆ ದೀಪದ ಕಡೆ ಬೆರಳು ಮಾಡಿದರು, ಅಷ್ಟೇ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಹೊರಗೆ ಬಂದು ನನ್ನನ್ನು ಮೆಟ್ಟಿಲವರೆಗೆ ಕಳಿಸುತ್ತಾ ಪಿಸುಗುಟ್ಟಿದರು. "ಆ ಖಾಯಂ ಕಾರ್ಡು ಬರಲಿ ಅಂತಾರೆ. ಅದು ಬಂದ ಮೇಲೆ ಊರಿಗೆ ಹೋಗಿ ದೈವದ ಹತ್ರ ತಪ್ಪುಕಾಣಿಕೆ ಹಾಕಿ, ಪ್ರಮಾಣ ಬಿಡಿಸಿಕೊಂಡು ಬರ್ತೇನೆ ಅಂತಾರೆ. ಅಲ್ಲಿವರೆಗೆ ನೀನು ಕೇಳಬೇಡ, ಅವರಿಗೆ ತುಂಬಾ ಕಷ್ಟ ಆಗ್ತದೆ."

ಖಾಯಂ ಕಾರ್ಡು ಎಂದರೆ, ಮದುವೆಯಾಗಿ ಎರಡು ವರ್ಷ ಕಳೆದ ಮೇಲೆ ಪರದೇಶದ ಗಂಡನೋ ಹೆಂಡತಿಯೋ ಕೇಳಬಹುದಾದ ಓಸಿಐ ಕಾರ್ಡು. ಅದು ಸಿಕ್ಕರೆ ವರ್ಷ ವರ್ಷ ವೀಸಾ ಕೇಳುತ್ತ ನಿಲ್ಲಬೇಕಿಲ್ಲ. ನಾವು ಅರ್ಜಿ ಹಾಕಿದೆವು. ಮತ್ತೆ ಪೊಲೀಸ್ ಬಂದ, ಈ ಸಲ ಬೇರೆಯವನು. ನಾನು ಮನೆಯಲ್ಲೇ ಇದ್ದೆ, ಮೆಟ್ಟಿಲ ಮೇಲಿಂದ ಎಲ್ಲ ಕೇಳಿಸಿತು. ಇವರು ನಿಮಗೆ ಯಾರು ಎಂದು ಅವನು ಕೇಳಿದ. "ಭಾಡೇಕರೂ" ಎಂದರು ಮಾಲೀಕರು. ಬಾಡಿಗೆದಾರರು. ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ಆ ಹೊತ್ತಿಗೆ ಅದು ಅವರ ಪಾಲಿಗೆ ನಿಜವೇ ಆಗಿತ್ತು, ಅದನ್ನು ನಿಜ ಮಾಡಲು ಅವರು ಪಟ್ಟ ಪಾಡನ್ನು ನಾನು ನೋಡಿದ್ದೇನೆ.

ಅರ್ಜಿ ಎಲ್ಲೋ ಕೂತಿತು. ವೆಬ್‌ಸೈಟಿನಲ್ಲಿ ಅದೇ ಒಂದು ಸಾಲು, ಪರಿಶೀಲನೆಯಲ್ಲಿದೆ. ಈ ನಡುವೆ ಅವರ ಕಿಡ್ನಿ ಕೆಟ್ಟಿತು. ಮುಖ, ಕಾಲು ಬಾತುಕೊಂಡವು. ಅಹಮದಾಬಾದಿನಲ್ಲಿ ಕೆಲಸದಲ್ಲಿದ್ದ ಅವರ ಮಗ ಬಂದು ಆಸ್ಪತ್ರೆಗೆ ಸೇರಿಸಿದ, ರಜೆ ಮುಗಿದು ಹೋದ, ಮತ್ತೆ ಬಂದ. ಮನೆಗೆ ಕರೆತಂದ ಮೇಲೆ ವಾರಕ್ಕೊಮ್ಮೆ ರಕ್ತದ ಪರೀಕ್ಷೆ ಬೇಕಿತ್ತು. ಲ್ಯಾಬಿನ ಹುಡುಗರು ಬಂದರೆ ಅವರ ನರ ಸಿಗದೆ ಚುಚ್ಚಿ ಚುಚ್ಚಿ ನೋಯಿಸುತ್ತಿದ್ದರು. ಅಮ್ಮ ನನ್ನನ್ನೇ ಕರೆದರು. ಮಾಲೀಕರು ಬೇಡವೆನ್ನಲಿಲ್ಲ, ರಕ್ತ ತೆಗೆಯುವವಳು ಬರುವುದರಲ್ಲಿ ಯಾವ ಸುಳ್ಳೂ ಇಲ್ಲವಲ್ಲ. ಆ ಕೆಲವು ನಿಮಿಷ ನಾನು ಅವರ ಕೈ ಹಿಡಿದುಕೊಳ್ಳಬಹುದಿತ್ತು. ಮೊದಲ ಸಲಕ್ಕೇ ನರ ಸಿಕ್ಕರೂ ಸಿಗಲಿಲ್ಲವೆಂಬಂತೆ ತಡಕಾಡುತ್ತ ಕೂರುತ್ತಿದ್ದೆ. ಅವರಿಗೆ ಅದು ಗೊತ್ತಾಗುತ್ತಿತ್ತೋ ಏನೋ, ಕಣ್ಣು ಮುಚ್ಚಿಕೊಂಡು ಕೈಯನ್ನು ಹಾಗೆಯೇ ಬಿಟ್ಟಿರುತ್ತಿದ್ದರು.

ಕೊನೆಯ ಸಲ ಹತ್ತಿ ಒತ್ತಿ ಹಿಡಿದು ಕೂತಿದ್ದಾಗ ಕಣ್ಣು ತೆರೆದರು.

"ನಿಮ್ಮ ಯಜಮಾನರ ಕಾರ್ಡು ಬಂತಾ?"

ಬಂತು ಎಂದುಬಿಡಬೇಕು ಎಂದು ನಾಲಗೆಯ ತುದಿಗೆ ಬಂದಿತ್ತು. ಆ ಮನುಷ್ಯನ ಮುಂದೆ ಅದನ್ನು ಹೇಳಲು ನನಗೆ ಆಗಲಿಲ್ಲ.

"ಇನ್ನೂ ಇಲ್ರಿ."

ತಲೆಯಾಡಿಸಿದರು. ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ಕಣ್ಣಿನಿಂದ ನೀರು ಇಳಿದು ದಿಂಬಿಗೆ ಹೋಯಿತು. ನಾನು ಸಾಮಾನು ಎತ್ತಿಕೊಂಡು ಎದ್ದು ಬಂದೆ.

ಆ ವಾರವೇ ಅವರು ತೀರಿಕೊಂಡರು. ಕಟ್ಟಡದ ಕೆಳಗೆ ಜನ ಸೇರಿದ್ದರು. ಹೋಟೆಲಿನ ಹಳಬರು ಬಂದಿದ್ದರು. ಹೆಣ ಹೊರಲು ನನ್ನ ಗಂಡ ಮುಂದೆ ಬಂದಾಗ ಸೆಕ್ರೆಟರಿ ತಡೆದು, ಮನೆಯವರು ಹೊರಲಿ ಎಂದರು. ಮಗನಿಗೆ ನಮ್ಮ ವಿಷಯ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ; ಅವನು ಆ ಗದ್ದಲದಲ್ಲಿ ಸುಮ್ಮನಿದ್ದ. ಗಂಡ ಹಿಂದೆ ಸರಿದು, ಶವಯಾತ್ರೆಯ ಕೊನೆಯಲ್ಲಿ ನಡೆದು ಹೋದ. ಹೆಂಗಸರ ನಡುವೆ ನಾನು ಅಳುತ್ತಿದ್ದುದನ್ನು ನೋಡಿ ಯಾರೋ ಯಾರವಳು ಎಂದು ಕೇಳಿದರು. ಮೂರನೆಯ ಮಹಡಿಯ ಬಾಡಿಗೆಯವಳು ಎಂದು ಇನ್ನೊಬ್ಬರು ಹೇಳಿದರು. ಮದುವೆಯಾದ ಮಗಳಿಗೆ ತಂದೆಯ ಸೂತಕ ಮೂರು ದಿನ. ಮೇಲೆ ಬಂದು ನಾನು ದೇವರ ದೀಪ ಹಚ್ಚಲಿಲ್ಲ, ಒಗ್ಗರಣೆ ಹಾಕಲಿಲ್ಲ, ತಲೆ ಬಾಚಲಿಲ್ಲ. ಯಾರಿಗೂ ಹೇಳಲಿಲ್ಲ, ಹೇಳುವ ಹಕ್ಕಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಕಾರ್ಡು ಬಂದದ್ದು ಅವರ ಬೊಜ್ಜ, ಎಂದರೆ ಉತ್ತರಕ್ರಿಯೆ, ಕಳೆದು ಮಗ ಅಹಮದಾಬಾದಿಗೆ ಹೊರಟುಹೋದ ಮೇಲೆ. ನೀಲಿ ಬಣ್ಣದ ಸಣ್ಣ ಪುಸ್ತಕದಂತಿತ್ತು. ಅಮ್ಮನಿಗೆ ತೋರಿಸಲು ತೆಗೆದುಕೊಂಡು ಹೋದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ನನ್ನ ಗಂಡನ ಫೋಟೊದ ಮೇಲೆ ಬೆರಳಾಡಿಸಿದರು.

"ಇನ್ನು ಯಾರೂ ಮನೆಗೆ ಬಂದು ಕೇಳುವುದಿಲ್ಲವಾ?"

"ಇಲ್ರಿ ಅಮ್ಮಾ. ಇನ್ನ ಯಾರೂ ಕೇಳಂಗಿಲ್ಲ."

ನನ್ನ ಗಂಡ ಈಗ ಈ ದೇಶದಲ್ಲಿ ಸಾಯುವವರೆಗೂ ಇರಬಹುದು. ಬೆಳಿಗ್ಗೆ ಎದ್ದು ಪಕ್ಕದಲ್ಲಿ ಅವನ ಉಸಿರು ಕೇಳಿದಾಗಲೆಲ್ಲ ಅದು ಯಾರು ಕೊಟ್ಟದ್ದೆಂದು ನೆನಪಾಗುತ್ತದೆ. ನಾನು ಅವರ ಮಗಳು ಎಂದು ಯಾರ ಮುಂದೆ ಬೇಕಾದರೂ ಹೇಳಲು ಈಗ ಯಾವ ಅಡ್ಡಿಯೂ ಇಲ್ಲ. ಹೌದು ಎನ್ನಲು ಅವರಿಲ್ಲ, ಪ್ರಮಾಣವನ್ನು ಬಿಡಿಸಿಕೊಳ್ಳದೆಯೇ ಹೋದರು.